ಅಡಿಕೆ ಸುಲಿಯಲು ಬಾರದವನ ನೆನಪು

ನಾನು ಓದಿದ ಕಾರವಾರದ ಕಾಲೇಜಿನ ಮ್ಯಾಗಜಿನ್‌ಗೆ ಏನಾದರೂ ಬರೆದುಕೊಡಿ ಸರ್ ಅಂತ ಫೋನ್ ಬಂದಾಗ ನಾನು ಶಿರಸಿ ಹತ್ತಿರ ಅಕ್ಕನ ಮನೆಯ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಸುಳ್ಳು ಯಾಕೆ, ಸುಲಿಯುತ್ತಿದ್ದೇನೆ ಅಂದುಕೊಂಡಿದ್ದೆ ಅಷ್ಟೆ. ಪಕ್ಕದಲ್ಲಿ ಅಕ್ಕನ ಡಬ್ಬಿ ಅರ್ಧ ತುಂಬಿತ್ತು. ನನ್ನ ಡಬ್ಬಿಯ ತಳ ಇನ್ನೂ ಕಾಣುತ್ತಿತ್ತು, ಇದ್ದ ನಾಲ್ಕಾರು ಅಡಿಕೆಯೂ ಕತ್ತಿ ತಾಗಿ ಹೋಳಾಗಿದ್ದವು. "ತಮಾ, ನೀ ಸುಮ್ನೆ ಫೋನಲ್ಲಿ ಮಾತಾಡು, ಅಡಿಕೆ ಹಾಳಾಗ್ತು" ಅಂದಳು.

ಫೋನ್ ಮಾಡಿದ ಹುಡುಗಿ ಬಹಳ ಮರ್ಯಾದೆಯಿಂದ "ನಿಮ್ಮ ಸಾಧನೆಯ ಬಗ್ಗೆ ಬರೆಯಿರಿ" ಅಂದಳು. ಸಾಧನೆ ಅನ್ನುವಂಥದ್ದು ನನ್ನ ಹತ್ತಿರ ಏನಿದೆ? ಗಣಿತದಲ್ಲಿ ಒಂದು ಪಿಎಚ್‌ಡಿ, ಬೆಂಗಳೂರಿನಲ್ಲಿ ಇಪ್ಪತ್ತೇಳು ವರ್ಷ ಪಾಠ, ಹತ್ತು ಜನವೂ ಓದಿರದ ಏಳೆಂಟು ಪ್ರಬಂಧ. ಆದರೆ ಫೋನ್ ಇಟ್ಟ ಮೇಲೆ ಆ ಹೋಳಾದ ಅಡಿಕೆ ನೋಡುತ್ತಾ ಕೂತಾಗ ಒಂದು ವಿಷಯ ತಲೆಯಲ್ಲಿ ಕೊರೆಯತೊಡಗಿತು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಅಡಿಕೆ ದುಡ್ಡಿನಲ್ಲಿ ಓದಿ, ಐವತ್ತಾರು ವರ್ಷ ಆದರೂ ಒಬ್ಬನಿಗೆ ಅಡಿಕೆ ಸುಲಿಯಲು ಬರುವುದಿಲ್ಲ ಅಂದರೆ, ಅವನ ಪಾಲಿನ ಅಡಿಕೆಯನ್ನು ಇಷ್ಟು ವರ್ಷ ಬೇರೆ ಯಾರೋ ಸುಲಿದಿದ್ದಾರೆ ಅಂತ ತಾನೇ?

ಈ ಯೋಚನೆಯೂ ನನ್ನ ಸ್ವಂತದ್ದಲ್ಲ. ನಮ್ಮ ಕಾಲೇಜಿನ ಹಾಲ್‌ನಲ್ಲಿ, 1987ರ ಡಿಸೆಂಬರ್ 22ರಂದು, ಗಣಿತದ ಸರ್ ನಮ್ಮ ತಲೆಗೆ ಹಾಕಿದ್ದು. ಅವತ್ತು ಶ್ರೀನಿವಾಸ ರಾಮಾನುಜನ್ ಹುಟ್ಟಿ ನೂರು ವರ್ಷ. ನಾನು ಬಿಎಸ್‌ಸಿ ಮೊದಲ ವರ್ಷದಲ್ಲಿದ್ದೆ. ಘಟ್ಟದ ಮೇಲಿಂದ ಕಾರವಾರಕ್ಕೆ ಬಂದು ಐದಾರು ತಿಂಗಳಾಗಿತ್ತು, ಇಲ್ಲಿನ ಬೆವರಿಗೆ ಇನ್ನೂ ರೂಢಿಯಾಗಿರಲಿಲ್ಲ. ಹಾಲ್‌ನ ಕಿಟಕಿಗಳು ಕಡಲ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು, ಪ್ಯೂನ್ ಕಾಗದ ಮಡಚಿ ಒಂದೊಂದಕ್ಕೂ ಸಿಕ್ಕಿಸುತ್ತಾ ಓಡಾಡುತ್ತಿದ್ದ. ನಾವೆಲ್ಲ ಸೂತ್ರ, ರಾಮಾನುಜನ್ ಹೆಸರಿಗೇ ಅಂಟಿದ 1729 ಅನ್ನುವ ಸಂಖ್ಯೆ, ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿ ಅಂತ ಕಾಯುತ್ತಿದ್ದೆವು. ಸರ್ ಬೋರ್ಡ್ ಮುಟ್ಟಲೇ ಇಲ್ಲ. ಅರ್ಧ ತಾಸು ಬರೀ ಅನ್ನದ ವಿಷಯ ಮಾತಾಡಿದರು.

ಕುಂಭಕೋಣದ ರಾಮಾನುಜನ್ ಮನೆಯ ಯಜಮಾನ ಸೀರೆ ಅಂಗಡಿಯಲ್ಲಿ ಗುಮಾಸ್ತ, ತಿಂಗಳಿಗೆ ಇಪ್ಪತ್ತು ರೂಪಾಯಿ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ಒಂದಿಷ್ಟು ತರುತ್ತಿದ್ದರು. ಅದೂ ಸಾಲದೆ ಓದುವ ಹುಡುಗರನ್ನು ಮನೆಯಲ್ಲಿ ಊಟಕ್ಕೆ ಇಟ್ಟುಕೊಳ್ಳುತ್ತಿದ್ದರು. ಅಂಥ ಮನೆಯ ದೊಡ್ಡ ಮಗ ಗಣಿತ ಒಂದು ಬಿಟ್ಟು ಬೇರೇನನ್ನೂ ಕಣ್ಣೆತ್ತಿ ನೋಡದೆ ಕುಂಭಕೋಣದಲ್ಲೂ ಸೋತ, ಮದ್ರಾಸಿಗೆ ಹೋಗಿ ಅಲ್ಲೂ ಎಫ್.ಎ. (ಈಗಿನ ಪಿಯುಸಿ ಥರದ್ದು) ಫೇಲಾದ. ಸ್ಕಾಲರ್‌ಶಿಪ್ ಕೈತಪ್ಪಿತು. ಆಮೇಲೆ ಆತ ಮಾಡಿದ್ದು ಏನು ಅಂದರೆ, ಮನೆಯ ಜಗಲಿಯ ಮೇಲೆ ಕೂತು ಸ್ಲೇಟಿನಲ್ಲಿ ಲೆಕ್ಕ ಬರೆಯುವುದು, ಮೊಣಕೈಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ಬೀದಿಯಲ್ಲಿ ಹೋಗುವವರ ಕಣ್ಣಿಗೆ ಅವನು ಕೆಲಸವಿಲ್ಲದ ಹುಡುಗ. ಇದು ಒಂದು ವಾರದ ಮಾತಲ್ಲ, ವರ್ಷಗಳ ಮಾತು. "ಆ ವರ್ಷಗಳಲ್ಲಿ ಅವರಿಗೆ ಎರಡು ಹೊತ್ತು ಬಡಿಸಿದವರು ಯಾರು?" ಅಂತ ಸರ್ ಕೇಳಿದರು. "ಕೇಂಬ್ರಿಜ್‌ನವರಾ?"

1909ರಲ್ಲಿ ಮದುವೆ ಆಯಿತು. ಅವರಿಗೆ ಇಪ್ಪತ್ತೊಂದು, ಜಾನಕಿಗೆ ಹತ್ತು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಮೂವತ್ತು ರೂಪಾಯಿಯ ಗುಮಾಸ್ತಿಕೆ ಸಿಕ್ಕಿತು. ಆಫೀಸಿಗೆ ಹೋಗುವ ಮೊದಲೂ ಲೆಕ್ಕ, ಬಂದ ಮೇಲೂ ಲೆಕ್ಕ. ಬರೆಯುವ ಕೈ ನಿಲ್ಲಬಾರದು ಅಂತ ತಾಯಿ ಅನ್ನ ಕಲೆಸಿ ತುತ್ತು ಮಾಡಿ ಕೊಡುತ್ತಿದ್ದರಂತೆ. ಇದನ್ನೆಲ್ಲ ಮುಂದೆ ನೆನಪು ಮಾಡಿಕೊಂಡು ಹೇಳಿದವರು ಜಾನಕಿಯವರೇ. 1914ರ ಮಾರ್ಚ್‌ನಲ್ಲಿ ರಾಮಾನುಜನ್ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಹಾರ್ಡಿ ಇದ್ದರು, ಲೈಬ್ರರಿ ಇತ್ತು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಅನ್ನುವ ಗೌರವವೂ ಬಂತು. ಅನ್ನ ಕಲೆಸಿ ಕೊಡುವವರು ಇರಲಿಲ್ಲ. ಕಟ್ಟಾ ಸಸ್ಯಾಹಾರಿ ಮನುಷ್ಯ, ಮಹಾಯುದ್ಧದ ಕಾಲ, ಬೇಕಾದ ತರಕಾರಿ ಸಿಗದು, ತಾನೇ ಬೇಯಿಸಿಕೊಳ್ಳಬೇಕು, ಲೆಕ್ಕ ಹಿಡಿದರೆ ಅದೂ ಮರೆತುಹೋಗುವುದು. ಆರೋಗ್ಯ ಕೆಟ್ಟಿತು. 1919ರಲ್ಲಿ ತಿರುಗಿ ಬಂದರು, 1920ರ ಏಪ್ರಿಲ್ 26ರಂದು ತೀರಿಕೊಂಡರು. ಆಗ ಅವರಿಗೆ ಮೂವತ್ತೆರಡು.

ಕಡೆಯ ಒಂದು ವರ್ಷ ಜಾನಕಿ ಬಿಸಿನೀರಿನ ಶಾಖ ಕೊಡುತ್ತಾ ಹಾಸಿಗೆ ಪಕ್ಕ ಇದ್ದರು. ನೋವಿನಲ್ಲೂ ಅವರು ಬರೆಯುತ್ತಿದ್ದರು, ಈಕೆ ಹಾಳೆಗಳನ್ನು ಎತ್ತಿಡುತ್ತಿದ್ದರು. ಆ ಕಾಲದ ಹಾಳೆಗಳೇ ಹೇಗೋ ಇಂಗ್ಲೆಂಡ್ ಸೇರಿ, ಕೇಂಬ್ರಿಜ್‌ನ ಒಂದು ಪೆಟ್ಟಿಗೆಯಲ್ಲಿ ಮಲಗಿ, 1976ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಆಂಡ್ರೂಸ್ ಕೈಗೆ ಸಿಕ್ಕವು. ನೂರಕ್ಕೂ ಹೆಚ್ಚು ಪುಟ, ಆರು ನೂರಕ್ಕೂ ಜಾಸ್ತಿ ಸೂತ್ರ. ನಾನು ಪಿಎಚ್‌ಡಿ ಮಾಡಿದ್ದು ಅದರ ಒಂದು ಮೂಲೆಯ ಮೇಲೆ.

ಇಷ್ಟು ಹೇಳಿ ಸರ್ ನೀರು ಕುಡಿದು, "ಆ ಜಾನಕಿ ಅಮ್ಮಾಳ್ ಇದ್ದಾರೆ, ಈಗಲೂ ಮದ್ರಾಸಿನಲ್ಲಿದ್ದಾರೆ" ಅಂದರು. ಹಾಲ್ ಒಮ್ಮೆಲೇ ಸುಮ್ಮನಾಯಿತು. ನಮಗೆ ರಾಮಾನುಜನ್ ಅಂದರೆ ಪುಸ್ತಕದ ಪಟ, ಅವರ ಹೆಂಡತಿ ಬದುಕಿರುವುದು ಹೇಗೆ ಸಾಧ್ಯ ಅನ್ನಿಸಿತು. ಗಂಡ ಹೋದ ಮೇಲೆ ಬೊಂಬಾಯಿಯಲ್ಲಿ ಅಣ್ಣನ ಮನೆಯಲ್ಲಿದ್ದು ಹೊಲಿಗೆ ಕಲಿತು, ಮದ್ರಾಸಿಗೆ ಬಂದು, ಹೊಲಿಗೆ ಮಷಿನ್ ತುಳಿದು ಜೀವನ ಮಾಡಿದರು. ಗಂಡನ ಮೂರ್ತಿ ಮಾಡಿಸುತ್ತೇವೆ ಅಂದಿದ್ದರಲ್ಲ, ಎಲ್ಲಿ ಅಂತ ಮುಪ್ಪಿನಲ್ಲಿ ಅವರು ಕೇಳಿದ್ದು ಕಡೆಗೆ ಬೇರೆ ಬೇರೆ ದೇಶದ ಗಣಿತಜ್ಞರಿಗೆ ತಾಗಿ, ಅವರೇ ಚಂದಾ ಎತ್ತಿ ಕಂಚಿನ ಮೂರ್ತಿ ಮಾಡಿಸಿದರು. (ಜಾನಕಿಯವರು ತೀರಿಕೊಂಡಿದ್ದು 1994ರಲ್ಲಿ. ಆ ಸುದ್ದಿ ಓದಿದ ದಿನ ನಾನು ಸರ್‌ಗೆ ಕಾಗದ ಬರೆದಿದ್ದೆ.)

ಆಮೇಲೆ ಸರ್ ನಮ್ಮನ್ನೇ ಕೇಳಿದರು. "ನೀವೆಲ್ಲ ಇಲ್ಲಿ ಕೂತಿದ್ದೀರಿ. ಈ ಹೊತ್ತಿನಲ್ಲಿ ಮನೆಯಲ್ಲಿ ನಿಮ್ಮ ಪಾಲಿನ ಕೆಲಸ ಯಾರು ಮಾಡ್ತಾ ಇದ್ದಾರೆ?"

ಹುಡುಗರೆಲ್ಲ ನಕ್ಕೆವು. ನಮಗೂ ಮನೆಗೆಲಸದಲ್ಲಿ ಪಾಲು ಇದೆ ಅಂತ ಯಾರಿಗೆ ಗೊತ್ತಿತ್ತು! ಹಿಂದಿನ ಬೆಂಚಿನಿಂದ ಬೈತಖೋಲದ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಮ್ಮ ಬೆಳಗಿನ ಜಾವ ದಕ್ಕೆಗೆ ಹೋಗಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರಲು ಹೋಗುತ್ತಿದ್ದರು. ಅವಳು ಕೊಂಕಣಿ ಎಳೆಯ ಕನ್ನಡದಲ್ಲಿ, "ಯಾರೂ ಮಾಡೂದಿಲ್ಲ ಸರ್. ನಾನು ಅನ್ನ ಸಾರು ಮಾಡಿ, ತಮ್ಮನ್ನ ಶಾಲೆಗೆ ಕಳಿಸಿ ಬಂದೇನೆ. ಉಳಿದದ್ದು ಹೋಗಿ ಮಾಡೂದು" ಅಂದಳು. ಸರ್ ಏನೂ ಹೇಳಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಆಕೆ ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ನಾನು ಇಡೀ ರಾತ್ರಿ ತಿಣುಕಿದ ಲೆಕ್ಕವನ್ನು ಆಕೆ ಮರುದಿನ ಬೆಳಿಗ್ಗೆ ಕಾರಿಡಾರಿನಲ್ಲಿ ನಿಂತು ಬಿಡಿಸುತ್ತಿದ್ದಳು, ಯಾಕೆಂದರೆ ಅವಳಿಗೆ ಬಿಡುವು ಇದ್ದಿದ್ದು ಅಷ್ಟೇ ಹೊತ್ತು. ಈಗ ಕಾರವಾರದ ಹತ್ತಿರದ ಶಾಲೆಯೊಂದರಲ್ಲಿ ಅಕ್ಕೋರು. ಒಳ್ಳೆಯ ಅಕ್ಕೋರು ಅಂತ ಕೇಳಿದ್ದೇನೆ. ಆದರೆ ಬುದ್ಧಿ ಲೆಕ್ಕಕ್ಕೆ ಹಿಡಿದರೆ ಪಿಎಚ್‌ಡಿ ಆಗಬೇಕಿದ್ದವಳು ಅವಳು, ನಾನಲ್ಲ. ಇದನ್ನು ವಿನಯಕ್ಕೆ ಹೇಳುತ್ತಿಲ್ಲ.

ಕಾರವಾರದವರಿಗೆ ಒಂದು ಅಭಿಮಾನದ ಮಾತಿದೆ. ಟಾಗೋರ್ ಇಲ್ಲಿ ಬಂದಿದ್ದರು, ಇಲ್ಲಿನ ಕಡಲು ನೋಡಿ ನಾಟಕ ಬರೆದರು ಅಂತ. ನಿಜವೇ. ಬೀಚಿಗೂ ಅವರದೇ ಹೆಸರು. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿದ್ದನ್ನು ಅವರೇ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಆದರೆ ಇಪ್ಪತ್ತು ದಾಟಿದ ಆ ಹುಡುಗ ಕಾರವಾರಕ್ಕೆ ಬಂದಿದ್ದು ಯಾಕೆ? ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶ, ಐಸಿಎಸ್ ಪಾಸು ಮಾಡಿದ ಮೊದಲ ಭಾರತೀಯ. ಅಣ್ಣನ ಮನೆಯಲ್ಲಿ ಉಂಡು, ಅಣ್ಣನ ಮನೆಯಲ್ಲಿ ಮಲಗಿ, ಕಡಲು ನೋಡಿದರು. ನಾವು ಕಡಲನ್ನು ನೆನಪಿಟ್ಟುಕೊಂಡೆವು, ಊಟ ಹಾಕಿದ ಅಣ್ಣನನ್ನು ಬಿಟ್ಟೆವು. ಕಡಲಂತೂ ಎಲ್ಲರಿಗೂ ಇತ್ತು. ಬೈತಖೋಲದ ಹುಡುಗಿಯ ಮನೆ ಕಡಲಿಗೆ ಇನ್ನೂ ಹತ್ತಿರ!

ಇನ್ನು ನನ್ನ ಕಥೆ. ಮೊದಲ ವರ್ಷ ನಾನು ಫಿಸಿಕ್ಸ್‌ನಲ್ಲಿ ಫೇಲಾದೆ. ರಾಮಾನುಜನ್ ಫೇಲಾಗಿದ್ದು ಗಣಿತದ ಹುಚ್ಚಿನಿಂದ, ನಾನು ಫೇಲಾಗಿದ್ದು ಕ್ರಿಕೆಟ್‌ನಿಂದ. ಆ ವರ್ಷ ವಿಶ್ವಕಪ್ ನಮ್ಮ ದೇಶದಲ್ಲೇ ನಡೆದಿತ್ತು, ಅದರ ಅಮಲು ಪರೀಕ್ಷೆಯವರೆಗೂ ಇಳಿಯಲಿಲ್ಲ. ರಿಸಲ್ಟ್ ಬಂದಾಗ ಮಳೆಗಾಲ. ಮನೆಗೆ ಒಂದು ಕಾರ್ಡು ಬರೆದು ಹಾಕಿ, ಕೋಡಿಬಾಗದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಿದ್ದುಕೊಂಡಿದ್ದೆ. ಐದನೇ ದಿನ ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಅಪ್ಪಯ್ಯ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಆ ಮಳೆಯಲ್ಲಿ ಬಂದಿದ್ದರು. ಅದು ತೋಟಕ್ಕೆ ಮದ್ದು ಹೊಡೆಯುವ ಹೊತ್ತು. ಎರಡು ದಿನ ಹೊಳವಾದರೆ ಆ ಎರಡೇ ದಿನದಲ್ಲಿ ಹೊಡೆದು ಮುಗಿಸಬೇಕು, ಇಲ್ಲದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಪೂರ್ತಿ ಉದುರುತ್ತದೆ. ಅಂಥ ಹೊತ್ತಿನಲ್ಲಿ ತೋಟ ಬಿಟ್ಟು ಬಂದಿದ್ದರು. ಕೊಡೆ ಮಡಚುವಾಗ ಅವರ ಕೈ ನೋಡಿದೆ. ಉಗುರಿನ ಸಂದಿಯೆಲ್ಲ ಮೈಲುತುತ್ತದ ನೀಲಿ. ಬೆರಳ ಗೆಣ್ಣಿನ ಗೆರೆಗಳಲ್ಲಿ ಸುಣ್ಣ ಕೂತು ಬೆಳ್ಳಗೆ ಬಿರುಕು ಬಿಟ್ಟಿತ್ತು. ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ತೆಗೆದರು, ಹಲಸಿನ ಹಪ್ಪಳದ ಕಟ್ಟು ತೆಗೆದರು, ಆಯಿ ಕೊಟ್ಟ ತೊಡದೇವು ತೆಗೆದರು. ತೊಡದೇವು ಬಸ್ಸಿನಲ್ಲಿ ಪುಡಿಪುಡಿಯಾಗಿತ್ತು. ಆ ಪುಡಿಯನ್ನೇ ಕಾಗದದ ಮೇಲೆ ಒಟ್ಟು ಮಾಡಿ ನನ್ನ ಮುಂದಿಟ್ಟರು.

"ಊಟ ಆತ?" ಅಂದರು.

ಆತು ಅಂದೆ. ಆಗಿರಲಿಲ್ಲ.

"ಮತ್ತೊಂದ್ಸಲ ಪರೀಕ್ಷೆ ಕಟ್ಟಲೆ ಎಷ್ಟು ಬೇಕು?"

ಹೇಳಿದೆ. "ಅಡ್ಡಿಲ್ಲೆ" ಅಂದರು. ಅಷ್ಟೆ. ಫೇಲಾದ ವಿಷಯ ಅಷ್ಟಕ್ಕೇ ಮುಗಿಯಿತು. ಸಂಜೆ ಮಳೆ ಸ್ವಲ್ಪ ನಿಂತಾಗ ಕಾಳಿ ಸೇತುವೆ ತನಕ ನಡೆದುಕೊಂಡು ಹೋದೆವು. 2024ರಲ್ಲಿ ಕುಸಿದು ಬಿತ್ತಲ್ಲ, ಅದೇ ಸೇತುವೆ, ಆಗ ಇನ್ನೂ ಹೊಸದು. ನದಿ ಕೆಂಪಗೆ ಕಡಲಿಗೆ ಸೇರುವುದನ್ನು ಅಪ್ಪಯ್ಯ ಬಹಳ ಹೊತ್ತು ನೋಡಿದರು. ಎಷ್ಟು ಮಣ್ಣು ಹೋಗ್ತು ನೋಡು ಅಂದರು. ಮರುದಿನ ಮೊದಲ ಬಸ್ಸಿಗೆ ಹೊರಟರು.

ನಮ್ಮ ಕಡೆಯ ಜನ "ಅಡ್ಡಿಲ್ಲೆ" ಅನ್ನುವ ಒಂದೇ ಶಬ್ದದಲ್ಲಿ ಏನೆಲ್ಲ ಮುಚ್ಚಿಡುತ್ತಾರೆ ಅನ್ನುವುದು ನನಗೆ ಗೊತ್ತಾಗಿದ್ದು ಹತ್ತು ಹನ್ನೆರಡು ವರ್ಷ ಬಿಟ್ಟು. ಆ ಮಳೆಗಾಲದಲ್ಲಿ ಅಕ್ಕ ಟಿಸಿಎಚ್‌ಗೆ, ಅಂದರೆ ಶಿಕ್ಷಕರ ತರಬೇತಿಗೆ, ಅರ್ಜಿ ತರಿಸಿ ಇಟ್ಟುಕೊಂಡಿದ್ದಳಂತೆ. ಪಿಯುಸಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದಳು, ಟೀಚರ್ ಆಗುವ ಆಸೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗಿಂತ ಹನ್ನೊಂದು ಮಾರ್ಕ್ಸ್ ಜಾಸ್ತಿ ತೆಗೆದವಳು ಅವಳು. ನನಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದೂ ಅವಳೇ, ಅಡಿಕೆ ಸುಲಿಯುತ್ತಾ, ಒಂದು ಅಡಿಕೆ ಡಬ್ಬಿಗೆ ಬಿದ್ದರೆ ನಾನು ಒಂದು ಸಾಲು ಹೇಳಬೇಕು. ನಾನು ಹತ್ತನೇ ಕ್ಲಾಸಿಗೆ ಬಂದಾಗಲೇ ಮನೆಯಲ್ಲಿ ತೀರ್ಮಾನ ಆಗಿತ್ತು: "ಮಾಣಿ ಓದ್ಲಿ, ಅವಂಗೆ ಅಡಿಕೆ ಸುಲಿಯದು ಬೇಡ." ನನ್ನ ಡಬ್ಬಿಯೂ ಅಕ್ಕನ ಲೆಕ್ಕಕ್ಕೆ ಹೋಯಿತು. ಈಗ ಫೇಲಾದವನಿಗೆ ಇನ್ನೊಂದು ವರ್ಷದ ರೂಮು ಬಾಡಿಗೆ, ಊಟದ ಖರ್ಚು, ಫೀ. ಇದ್ದದ್ದು ಒಂದೂವರೆ ಎಕರೆ ತೋಟ. ಆ ಅರ್ಜಿ ಅಟ್ಟದ ಮೇಲಿನ ಪೆಟ್ಟಿಗೆ ಸೇರಿತು.

ಇದನ್ನು ಅವಳು ಹೇಳಿದ್ದು ಯಾರದೋ ಮದುವೆ ಮನೆಯಲ್ಲಿ, ನಗುನಗುತ್ತಾ, ಪಂಕ್ತಿಯಲ್ಲಿ ಕೂತು. ನನಗೆ ಎದುರಿನ ಹೋಳಿಗೆ ಮುಟ್ಟಲಾಗಲಿಲ್ಲ. ಅವಳ ಮದುವೆಯ ಹಿಂದಿನ ದಿನ ಮದರಂಗಿ ಹಚ್ಚುವಾಗ ಎಲ್ಲರೂ ತಮಾಷೆ ಮಾಡಿದ್ದು ನೆನಪಾಯಿತು. ಅಂಗೈಯೆಲ್ಲ ಕೆಂಪಗೆ ಆಗಿತ್ತು, ಬಲಗೈ ಹೆಬ್ಬೆರಳು ಮಾತ್ರ ಅಡಿಕೆಯ ಚೊಗರಿನಿಂದ ಕಪ್ಪು. ಅಂದು ನಾನೂ ನಕ್ಕಿದ್ದೆ.

ಕ್ಲಾಸಿನಲ್ಲಿ ಈಗ ನಾನೂ ಇಂಥ ಕಥೆಗಳನ್ನು ಹೇಳುತ್ತೇನೆ, ಸರ್ ಹಾಗೆ. 1781ರಲ್ಲಿ ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ದೂರದರ್ಶಕದ ಕನ್ನಡಿ ಉಜ್ಜಲು ಕೂತರೆ ಕೈ ತೆಗೆಯುವಂತಿರಲಿಲ್ಲ, ಒಮ್ಮೆ ಹದಿನಾರು ತಾಸು ಹಾಗೇ ಕೂತಿದ್ದರು, ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತು ಹಾಕುತ್ತಿದ್ದಳು. ಆ ತಂಗಿಯೇ ಮುಂದೆ ಎಂಟು ಧೂಮಕೇತು ಪತ್ತೆ ಮಾಡಿದಳು, ರಾಜನಿಂದ ವರ್ಷಕ್ಕೆ ಐವತ್ತು ಪೌಂಡ್ ಸಂಬಳವನ್ನೂ ಪಡೆದಳು. ಮೇರಿ ಕ್ಯೂರಿ ಮಾಡಿಕೊಂಡಿದ್ದು ಇನ್ನೂ ಚೊಕ್ಕ ಏರ್ಪಾಡು. ಅದು ನಮ್ಮೂರ ಮುಯ್ಯಾಳಿನ ಹಾಗೆ. ಅಕ್ಕ ಬ್ರೋನ್ಯಾ ಪ್ಯಾರಿಸ್‌ನಲ್ಲಿ ಡಾಕ್ಟರಿಕೆ ಓದುವಾಗ ಮೇರಿ ಪೋಲೆಂಡಿನಲ್ಲಿ ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ದುಡ್ಡು ಕಳಿಸಿದಳು. ಅಕ್ಕನ ಓದು ಒಂದು ಹಂತಕ್ಕೆ ಬಂದ ಮೇಲೆ, 1891ರಲ್ಲಿ, ತಾನು ಪ್ಯಾರಿಸ್‌ಗೆ ಹೋಗಿ ಅಕ್ಕನ ಮನೆಯಲ್ಲಿ ಇಳಿದಳು. ಮೊದಲ ನೊಬೆಲ್ ಬಂದ ಆ ಕಾಲದಲ್ಲಿ ಮಗುವನ್ನು ನೋಡಿಕೊಳ್ಳಲು ಗಂಡನ ಅಪ್ಪ ಮನೆಯಲ್ಲಿದ್ದರು. ನನಗೆ ಈ ಕಥೆ ಹೇಳುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವರಲ್ಲಿ ಮುಯ್ಯಿ ತಿರುಗಿ ಬಂತು. ನಮ್ಮಲ್ಲಿ ನಾನು ಮುಯ್ಯಿ ತೀರಿಸಲೇ ಇಲ್ಲ.

ಸರ್ ವಿಷಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಭಾನುವಾರ ನಾವು ಐದಾರು ಪರವೂರಿನ ಹುಡುಗರು ಅವರ ಮನೆಯಲ್ಲೇ ಊಟ. ಸರ್ ಜಗಲಿಯಲ್ಲಿ ನಮ್ಮ ಜೊತೆ ಲೆಕ್ಕ ಮಾಡುತ್ತಾ ಕೂತಿರುತ್ತಿದ್ದರು, ಒಳಗೆ ಅಮ್ಮನವರು ಒಬ್ಬರೇ ಎಂಟು ಜನರಿಗೆ ಬೇಯಿಸುತ್ತಿದ್ದರು. ಅವರೂ ಬಿಎ ಓದಿದವರು, ಇತಿಹಾಸದಲ್ಲಿ, ಒಳ್ಳೆಯ ಕ್ಲಾಸಿನಲ್ಲಿ ಪಾಸಾದವರು ಅಂತ ಒಮ್ಮೆ ಸಾರು ಬಡಿಸುತ್ತಾ ಹೇಳಿದ್ದರು. ಹಾಲ್‌ನಲ್ಲಿ ಕೇಳಿದ ಪ್ರಶ್ನೆಯನ್ನು ಸರ್ ಮನೆಯಲ್ಲಿ ಕೇಳಿಕೊಂಡಿದ್ದನ್ನು ನಾನು ನೋಡಿಲ್ಲ. ಸರ್ ಮೇಲೆ ನನಗೆ ಗೌರವ ಕಡಿಮೆ ಆಯಿತು ಅಂತಲ್ಲ. ನಾನೂ ನಮ್ಮ ಮನೆಯಲ್ಲಿ ಕೇಳಿಲ್ಲ. ಪ್ರಬಂಧ ಬರೆಯುವ ಆ ನಾಲ್ಕು ವರ್ಷ ಮಕ್ಕಳ ಜ್ವರ ಯಾವಾಗ ಬಂತು, ಯಾವಾಗ ಹೋಯಿತು ನನಗೆ ಗೊತ್ತಿಲ್ಲ.

ಮೊನ್ನೆ, ಮ್ಯಾಗಜಿನ್ ಫೋನ್ ಬಂದ ಅದೇ ರಾತ್ರಿ, ಊಟ ಆದ ಮೇಲೆ ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು. "ತಮಾ, ನೀ ಅಷ್ಟು ವರ್ಷ ಓದಿದ್ದು ಎಂತದು?" ಇಷ್ಟು ವರ್ಷದಲ್ಲಿ ಮನೆಯವರು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವಳ ಮುಂದೆ ನಾಲ್ಕು ಅಡಿಕೆ ಇಟ್ಟೆ. ಇದನ್ನು ಎಷ್ಟು ಥರ ಕುಪ್ಪೆ ಮಾಡಬಹುದು ಹೇಳು ಅಂದೆ. ನಾಲ್ಕೂ ಒಂದೇ ಕುಪ್ಪೆ. ಮೂರು, ಒಂದು. ಎರಡು, ಎರಡು. ಎರಡು, ಒಂದು, ಒಂದು. ಎಲ್ಲ ಬಿಡಿಬಿಡಿ. "ಐದು" ಅಂದಳು. ಐದು ಅಡಿಕೆಗೆ ಏಳು. ಆರಕ್ಕೆ ಹನ್ನೊಂದು. ಅಡಿಕೆ ಸರಿಸುವ ಅವಳ ಬೆರಳಿನ ವೇಗಕ್ಕೆ ನನ್ನ ಕಣ್ಣು ಓಡಲಿಲ್ಲ. ಹತ್ತಕ್ಕೆ 42, ನೂರಕ್ಕೆ 19 ಕೋಟಿ 5 ಲಕ್ಷ 69 ಸಾವಿರದ 292 ಅಂದೆ. "ಹೌದನಾ!" ಅಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಇದನ್ನು ಎಣಿಸದೆ ಹೇಳುವ ದಾರಿಯನ್ನು ರಾಮಾನುಜನ್, ಹಾರ್ಡಿ ಸೇರಿ 1918ರಲ್ಲಿ ತೋರಿಸಿದರು, ನಾನು ಓದಿದ್ದು ಅದರ ಆಸುಪಾಸಿನದ್ದೇ ಅಂದೆ.

ಅವಳು ಕೇಳಿಸಿಕೊಂಡಳೋ ಇಲ್ಲವೋ, ಒಂಬತ್ತು ಅಡಿಕೆ ಹಿಡಿದು ಕೂತಿದ್ದಳು. ಭಾವ ಎರಡು ಸಲ ಬಂದು ಲೈಟು ಆರಿಸ್ಲ ಅಂತ ಕೇಳಿ ಹೋದರು. "ಇಪ್ಪತ್ತೊಂಬತ್ತು" ಅಂದಳು ಕಡೆಗೆ.

"ಇಲ್ಲ ಅಕ್ಕಾ, ಇಪ್ಪತ್ತೊಂಬತ್ತು ಆಗೂದಿಲ್ಲ."

"ನೀ ಎಣಿಸಿದ್ಯ?"

"ಎಣಿಸಿಲ್ಲ. ನಾಲ್ಕರಲ್ಲೋ ಒಂಬತ್ತರಲ್ಲೋ ಮುಗಿಯುವ ಸಂಖ್ಯೆ ಆದರೆ ಉತ್ತರ ಐದರಿಂದ ಭಾಗ ಆಗಲೇಬೇಕು. ರಾಮಾನುಜನ್ ಹೇಳಿದ್ದಾರೆ."

"ಅವ್ರಿಗೆ ಯಾರು ಹೇಳಿದ್ರು?"

ಮನೆದೇವರು ನಾಮಗಿರಿ ತಾಯಿ ಕನಸಿನಲ್ಲಿ ಬಂದು ಹೇಳ್ತಿದ್ದಳಂತೆ ಅಂದೆ. ಅಕ್ಕ ನನ್ನ ಮುಖ ನೋಡಿ, ಅಡಿಕೆ ಬಾಚಿ ಡಬ್ಬಿಗೆ ಹಾಕಿ, ಮಲಗಲು ಎದ್ದಳು.

ಮರುದಿನ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಹಾವೇರಿ ದಾಟಿರಬಹುದು, ಕಣ್ಣಿಗೆ ನಿದ್ದೆ ಹತ್ತಿತ್ತು, ಫೋನ್ ಬಂತು. ಇಷ್ಟು ಹೊತ್ತಿಗೆ ಮನೆಯಿಂದ ಫೋನ್ ಅಂದರೆ ಎದೆ ಧಸಕ್ ಅನ್ನುತ್ತದೆ.

"ತಮಾ, ಮೂವತ್ತು" ಅಂದಳು ಅಕ್ಕ. "ಮೂರು ಮೂರರ ಮೂರು ಕುಪ್ಪೆ ಬಿಟ್ಟೋಗಿತ್ತು. ಫೋನ್ ಇಡ್ತಿ, ಅಡಿಕೆ ಬೇಸಲೆ ಹಂಡೆ ಇಟ್ಟಿದ್ದಿ."